ಜಗಳ, ಸ್ತ್ರೀಯರು ಇಬ್ಬರು, ಇಪ್ಪತ್ತೊಂದು ನಿಮಿಷ

ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳೆಲ್ಲ ಮೇಲಿನ ಮೂರು ಅಂತಸ್ತಿನಲ್ಲಿದ್ದವು, ಪುಸ್ತಕವಲ್ಲದ್ದೆಲ್ಲ ನೆಲಮಾಳಿಗೆಯಲ್ಲಿತ್ತು. ನೆಲಮಾಳಿಗೆಯ ಬಾಗಿಲಿಗೆ 'ಡಿಜಿಟಲ್ ಸಂಗ್ರಹ' ಎಂಬ ಬೋರ್ಡು. ಯಾರಾದರೂ ಪ್ರೊಫೆಸರು ನಿವೃತ್ತರಾದರೆ, ಇಲ್ಲವೇ ತೀರಿಕೊಂಡರೆ, ಎಸೆಯಲು ಮನಸ್ಸು ಬಾರದ, ಇಟ್ಟುಕೊಳ್ಳಲು ಜಾಗವಿಲ್ಲದ ಸಾಮಾನನ್ನೆಲ್ಲ ಮನೆಯವರು ಟ್ರಂಕಿಗೆ ತುಂಬಿ, ವಿದ್ಯಾದಾನ ಎಂದು ಹೆಸರು ಕೊಟ್ಟು, ಇಲ್ಲಿಗೆ ಸಾಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಹಾಗೆ ಬಂದು ಸೇರಿ, ನಂಬರು ಹಚ್ಚಿಸಿಕೊಂಡು, ಲೋಕದಲ್ಲಿ ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದಾದ ಭಾಗ್ಯ ಪಡೆದ ವಸ್ತುಗಳಲ್ಲಿ ಹಾಸ್ಟೆಲ್ ಊಟದ ಮೇಲಿನ ನಲವತ್ತು ವರ್ಷದ ದೂರಿನ ಪುಸ್ತಕಗಳಿದ್ದವು. ಬೆಂಕಿಪೊಟ್ಟಣದ ಚೀಟಿ ಸಾವಿರದ ನೂರು. ಊರ ಚರಂಡಿಗಳ ನಕ್ಷೆ, ಅದೂ ಬಣ್ಣದಲ್ಲಿ. ಒಬ್ಬ ಪ್ರಾಂಶುಪಾಲರ ಮುನ್ನೂರು ಫೋಟೋ, ಮುನ್ನೂರರಲ್ಲೂ ಅದೇ ಕೊಡೆ. ಕಪ್ಪೆಗಳ ಕೂಗು ಅರವತ್ತನಾಲ್ಕು ಬಗೆ. ತತ್ವಶಾಸ್ತ್ರದ ಪ್ರೌಢಪ್ರಬಂಧವನ್ನು ವರ್ಷಕ್ಕೆ ಇಬ್ಬರು ತೆರೆದು ನೋಡಿದರೆ ಹೆಚ್ಚು, ಅದರಲ್ಲೂ ಒಬ್ಬರು ಬರೆದವರೇ. ಕಪ್ಪೆಗಳನ್ನು ಮಾತ್ರ ತಿಂಗಳಿಗೆ ಒಂಬೈನೂರು ಜನ ಕೇಳುತ್ತಿದ್ದರು. ಯಾಕೆ ಕೇಳುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕಪ್ಪೆಯೂ ಸೇರಿದಂತೆ ಸದ್ದು ಮಾಡುವ ವಸ್ತುಗಳೆಲ್ಲ ಕ್ಯಾಸೆಟ್ಟಮ್ಮನ ಪಾಲಿಗೆ. ಅದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತು ವರ್ಷದಿಂದ ಹಳೆಯ ಕ್ಯಾಸೆಟ್ಟುಗಳನ್ನು ಯಂತ್ರಕ್ಕೆ ಹಾಕಿ ಕಂಪ್ಯೂಟರಿಗೆ ಇಳಿಸುತ್ತ ಕೂತವಳಿಗೆ ಗ್ರಂಥಾಲಯದವರು ಕಟ್ಟಿದ ಹೆಸರು. ಈಗೀಗ ಸಂಬಳದ ಚೀಟಿಯಲ್ಲಿ ಬೇರೆ ಹೆಸರು ಕಂಡರೆ ಅವಳೇ 'ಇವಳ್ಯಾರಪ್ಪ' ಎಂದುಕೊಳ್ಳುತ್ತಿದ್ದಳು. ನಲವತ್ತೈದು ವಯಸ್ಸು, ಮೂಗಿನ ತುದಿಗೆ ಕನ್ನಡಕ, ಕಿವಿ ಮಾತ್ರ ಬೆಕ್ಕಿನದು. ಗೊರಗೊರ, ಕಿರಕಿರಗಳನ್ನೆಲ್ಲ ಸೋಸಿ ತೆಗೆದು ಮಾತನ್ನಷ್ಟೇ ಉಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ.

ಈ ವಿದ್ಯೆಯನ್ನು ಅವಳು ಕಲಿತದ್ದು ಮನೆಯಲ್ಲಿ. ಮನೆಗೆ ಎರಡು ಅಂತಸ್ತು. ಕೆಳಗೆ ಅಮ್ಮ, ಮೇಲೆ ದೊಡ್ಡಮ್ಮ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ಈ ಓರಗಿತ್ತಿಯರಿಬ್ಬರೂ ಒಬ್ಬರೊಡನೊಬ್ಬರು ಮಾತಾಡಿ ಮೂವತ್ತಾರು ವರ್ಷವಾಗಿತ್ತು. ಹಾಗೆಂದು ಮನೆ ಪಾಲಾಗಿರಲಿಲ್ಲ. ಗೇಟು ಒಂದೇ, ನಲ್ಲಿ ಒಂದೇ, ಅಡುಗೆಮನೆಯೂ ಒಂದೇ. ಬೆಳಗಿನ ಅಡುಗೆ ಅಮ್ಮನದು. ಅವಳು ಪಾತ್ರೆ ಮುಚ್ಚಿಟ್ಟು ಹಿತ್ತಲಿಗೆ ಹೋದ ಮೇಲೆ ದೊಡ್ಡಮ್ಮ ಇಳಿದು ಬಂದು ಬಡಿಸಿಕೊಂಡು ಹತ್ತಿ ಹೋಗುತ್ತಿದ್ದಳು. ಸಂಜೆಯ ಅಡುಗೆ ದೊಡ್ಡಮ್ಮನದು. ಆಗ ಅಮ್ಮ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಮೂವತ್ತಾರು ವರ್ಷ ಒಬ್ಬರ ಕೈಯಡುಗೆಯನ್ನು ಇನ್ನೊಬ್ಬರು ಉಂಡು ಗುಂಡುಕಲ್ಲಿನಂತಿದ್ದರು, ಮಾತು ಮಾತ್ರ ಇರಲಿಲ್ಲ. ಅವರ ಗಂಡಂದಿರು ಈ ಗೋಜಿಗೆ ಹೋಗದೆ ತಣ್ಣಗೆ ಬದುಕಿ, ತಣ್ಣಗೆ ಹೋಗಿಬಿಟ್ಟರು.

ಮಾತಿಲ್ಲದಿದ್ದರೂ ಸಮಾಚಾರ ಹೋಗಬೇಕಲ್ಲ. ಅದಕ್ಕೆ ಅಂಚೆಯವಳು ಕ್ಯಾಸೆಟ್ಟಮ್ಮ. ಮನೆಯಲ್ಲಿ ಅವಳು ಇವತ್ತಿಗೂ ಪುಟ್ಟಿ. ಒಂಬತ್ತನೇ ವಯಸ್ಸಿನಲ್ಲಿ ಹಿಡಿದ ಕೆಲಸ. ಮದುವೆಯಾಗಿ ಹೋಗಿದ್ದರೆ ತಪ್ಪುತ್ತಿತ್ತೇನೋ. ಆಗಲಿಲ್ಲ, ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ; ಓರಗಿತ್ತಿಯರ ಜಗಳದಲ್ಲಿ ಈ ಕೂಸು ಎರಡು ಅಂತಸ್ತಿನಲ್ಲೂ ತಿಂಡಿ ತಿಂದು ದುಂಡಗಾಗಿತ್ತು.

ಅಂಚೆ ಎಂದರೆ ಬರೀ ಹೊತ್ತು ಹಾಕುವುದಲ್ಲ. "ನಿಮ್ಮ ದೊಡ್ಡಮ್ಮಂಗೆ ಕಿವಿ ಈಗ ಕೆಟ್ಟಿದೆ, ತಲೆ ಮೊದಲೇ ಕೆಟ್ಟಿತ್ತು ಅಂತ ಹೇಳು" ಎಂದು ಕೆಳಗೆ ಹೊರಟದ್ದು, ಹದಿನಾರು ಮೆಟ್ಟಿಲು ಹತ್ತುವಷ್ಟರಲ್ಲಿ "ಕಿವಿ ಹೇಗಿದೆ ಅಂತ ಅಮ್ಮ ಕೇಳಿದ್ಲು" ಎಂದಾಗುತ್ತಿತ್ತು. "ನಿಮ್ಮಮ್ಮನ ಕೈಲಿ ಉಪ್ಪಿನ ಡಬ್ಬಿ ಕೊಟ್ಟವರ್ಯಾರು" ಎಂದು ಮೇಲೆ ಹೊರಟದ್ದು "ಅಡುಗೆ ಚೆನ್ನಾಗಿತ್ತಂತೆ, ಉಪ್ಪು ಹದವಾಗಿತ್ತಂತೆ" ಎಂದು ಕೆಳಗಿಳಿಯುತ್ತಿತ್ತು. ಈ ಮನೆ ನಿಂತಿರುವುದು ತನ್ನ ನಾಲಿಗೆಯ ಮೇಲೆ ಎಂದು ಅವಳು ನಂಬಿದ್ದಳು. ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿ ಸವೆದುಹೋದ ಪಾಪದ ಜೀವ ತಾನು ಎಂದು ಆಗಾಗ ತನ್ನ ಮೇಲೆ ತಾನೇ ಮರುಗುವುದೂ ಇತ್ತು. ಹಾಗೆ ಮರುಗುವುದು ಅವಳಿಗೆ ಇಷ್ಟವೂ ಆಗಿತ್ತು, ಸುಳ್ಳು ಯಾಕೆ ಹೇಳಬೇಕು.

ಈ ವರ್ಷ ತೊಂದರೆ ಶುರುವಾಯಿತು. ದೊಡ್ಡಮ್ಮನ ಕಿವಿ ನಿಜವಾಗಿಯೂ ಹೋಗುತ್ತಿತ್ತು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ನರ ಸೊರಗುತ್ತಿದೆ, ಇನ್ನೊಂದು ವರ್ಷ ಕಷ್ಟಪಟ್ಟು ಕೇಳಿಸಬಹುದು, ಆಮೇಲೆ ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದರು. ದೊಡ್ಡಮ್ಮ ಅದನ್ನು ಅರ್ಧ ಕೇಳಿಸಿಕೊಂಡು, "ಕೇಳೋಕೆ ಏನಿದೆ ಬಿಡಿ" ಎಂದಳು. ಆದರೆ ಆವತ್ತು ಮನೆಗೆ ಬಂದವಳು ಮಹಡಿ ಹತ್ತದೆ, ಕೆಳಗಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಕ್ಯಾಸೆಟ್ಟಮ್ಮ ಅದನ್ನು ನೋಡಿದಳು. ಇವರಿಬ್ಬರೂ ಮಾತಾಡುವುದಿದ್ದರೆ ಈ ವರ್ಷವೇ ಆಡಬೇಕು, ಮುಂದಿನ ವರ್ಷ ಅಮ್ಮ ಬಾಯಿ ಬಿಟ್ಟರೂ ಕೇಳುವ ಕಿವಿ ಇರುವುದಿಲ್ಲ ಎಂದು ಅವಳಿಗೆ ಹೊಳೆಯಿತು.

ಆದರೆ ಜಗಳ ಯಾಕಾಯಿತು ಎಂದೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದರೆ, "ಅವಳು ಆಡಿದ ಮಾತನ್ನ ಈ ಬಾಯಲ್ಲಿ ಹೇಳೋ ಹಾಗಿಲ್ಲ" ಎನ್ನುವಳು. ದೊಡ್ಡಮ್ಮನನ್ನು ಕೇಳಿದರೆ, "ನಿಮ್ಮಮ್ಮ ಆಡಿದ್ದನ್ನ ಕೇಳಿದ ಕಿವಿ ಇದು, ಹೋದ್ರೆ ಹೋಗ್ಲಿ" ಎನ್ನುವಳು. ಬೆಕ್ಕಿಗೆ ಗಂಟೆ ಕಟ್ಟುವುದು ಹೇಗೆ ಎಂದು ಯೋಚಿಸುತ್ತಿದ್ದಾಗಲೇ ಭಾಷಾಶಾಸ್ತ್ರದ ಪ್ರೊಫೆಸರರ ಟ್ರಂಕು ಬಂತು.

ಪ್ರೊಫೆಸರರು ಹಿಂದಿನ ವರ್ಷ ತೀರಿಕೊಂಡಿದ್ದರು. ಪ್ರಾಯದಲ್ಲಿ ಅವರು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿ, ಜನ ಯಾವ ಸಂದರ್ಭದಲ್ಲಿ ಹೇಗೆ ಮಾತಾಡುತ್ತಾರೆ ಎಂದು ಹಿಡಿದಿಟ್ಟಿದ್ದರಂತೆ. ಒಟ್ಟು ಇನ್ನೂರ ಹನ್ನೆರಡು ಕ್ಯಾಸೆಟ್ಟು, ಒಂದೊಂದಕ್ಕೂ ಇರುವೆ ಸಾಲಿನಂಥ ಅಕ್ಷರದ ಚೀಟಿ. 'ದಾರಿ ಹೇಳುವುದು, ಪುರುಷ ಒಬ್ಬ, ಆರು ನಿಮಿಷ.' ಆರು ನಿಮಿಷ ದಾರಿ ಹೇಳಿದರೂ ಆ ಮಹಾನುಭಾವನಿಗೆ ದಾರಿ ಗೊತ್ತಿಲ್ಲದ್ದು ಕೊನೆಯಲ್ಲಿ ತಿಳಿಯುತ್ತಿತ್ತು. 'ಹಾಸಿಗೆ ಬಿಟ್ಟು ಏಳದ ಗಂಡನನ್ನು ಎಬ್ಬಿಸುವುದು, ಸ್ತ್ರೀ ಒಬ್ಬಳು, ಹತ್ತೊಂಬತ್ತು ನಿಮಿಷ.' ನೂರ ನಲವತ್ತೇಳನೆಯದರ ಚೀಟಿ: 'ಜಗಳ, ಸ್ತ್ರೀಯರು ಇಬ್ಬರು, ಓರಗಿತ್ತಿಯರು, ಇಪ್ಪತ್ತೊಂದು ನಿಮಿಷ.'

ಹೆಡ್‌ಫೋನ್ ಹಾಕಿಕೊಂಡು ಯಂತ್ರ ಒತ್ತಿದಳು. ಮೊದಲು ಒಂದು ಬಾಗಿಲು ಕಿರುಗುಟ್ಟಿತು. ಅದು ಅವಳ ಮನೆಯ ಬಾಗಿಲು. ದಿನಾ ಕೇಳುವ ಕಿರುಗುಟ್ಟುವಿಕೆ ಯಾರಿಗೆ ಗುರುತಾಗುವುದಿಲ್ಲ. ಆಮೇಲೆ ಪ್ರೊಫೆಸರರ ಗಂಟಲು: "ಸುಮ್ನೆ ನಾಟಕ ಅಷ್ಟೇ. ಜಗಳದ ಮಾತು ನನ್ನ ಹತ್ರ ಇಲ್ಲ, ಟೇಪ್ ಇಟ್ಟ ಕೂಡ್ಲೇ ಎಲ್ರೂ ಒಳ್ಳೆಯವರಾಗಿಬಿಡ್ತಾರೆ. ಹಾಲು ಉಕ್ಕಿಹೋಯ್ತು ಅಂತ ಇಟ್ಕೊಂಡು ಜಗಳ ಆಡಿ." ಆಮೇಲೆ ನಗು. ಇಬ್ಬರು ಹೆಂಗಸರ, ಉಸಿರು ಸಿಕ್ಕದ ಹಾಗೆ ಬರುವ, ಹುಡುಗಿಯರ ನಗು. ಅದು ಅಮ್ಮನದು ಮತ್ತು ದೊಡ್ಡಮ್ಮನದು ಎಂದು ಗೊತ್ತಾಗಲು ಬೆಕ್ಕಿನ ಕಿವಿಗೂ ಹೊತ್ತು ಹಿಡಿಯಿತು, ಅವರಿಬ್ಬರೂ ಜೊತೆಗೆ ನಕ್ಕದ್ದನ್ನು ಅವಳು ಕೇಳಿದ ನೆನಪೇ ಇರಲಿಲ್ಲ.

ಮೊದಲ ನಾಲ್ಕು ನಿಮಿಷ ಇಬ್ಬರೂ ಶಾಲೆಯ ವಾರ್ಷಿಕೋತ್ಸವದ ಮಕ್ಕಳ ಹಾಗೆ ಆಡಿದರು. "ಏನಕ್ಕಾ, ಹಾಲು ಉಕ್ಕಿಸಿಬಿಟ್ಟಿರಲ್ಲ." "ಹೌದು ಕಣೆ, ಏನೀಗ." ನಗು. ಪ್ರೊಫೆಸರರು ಪುಣ್ಯಾತ್ಮರು, "ಇನ್ನೂ ಸ್ವಲ್ಪ ಸಿಟ್ಟು ಬರ್ಲಿ" ಎಂದರು. ಬಂತು. ಹಾಲಿನಿಂದ ಪಾತ್ರೆಗೆ, ಪಾತ್ರೆಯಿಂದ ಅದನ್ನು ಯಾರು ತೊಳೆದರು ಎಂಬಲ್ಲಿಗೆ, ಅಲ್ಲಿಂದ ಯಾರು ಎಷ್ಟು ಗಂಟೆಗೆ ಏಳುತ್ತಾರೆ ಎಂಬಲ್ಲಿಗೆ ಮಾತು ಜಾರಿತು. ಹತ್ತನೇ ನಿಮಿಷಕ್ಕೆ ದೊಡ್ಡಮ್ಮ, "ನಿನ್ನ ಮಗಳು ನಿನಗಿಂತ ನನ್ನ ಮಡಿಲಲ್ಲೇ ಜಾಸ್ತಿ ಇರ್ತಾಳೆ, ಯಾಕೆ ಅಂತ ಒಂದಿನಾನಾದ್ರೂ ಯೋಚ್ನೆ ಮಾಡಿದೀಯಾ" ಎಂದಳು. ಆಮೇಲೆ ಅಮ್ಮನ ದನಿ, ತಣ್ಣಗೆ: "ಹೆತ್ತವಳಿಗೆ ಗೊತ್ತಿರುತ್ತೆ ಅದೆಲ್ಲ. ನಿನಗೇನು ಗೊತ್ತು." ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಧಡಧಡ ಮೆಟ್ಟಿಲು ಹತ್ತಿದ ಸದ್ದು, ಮೇಲೆ ಬಾಗಿಲು ಬಡಿದ ಸದ್ದು, ಪ್ರೊಫೆಸರರ ಸಂತೋಷ: "ಬಹಳ ಸಹಜವಾಗಿ ಬಂತು."

ಕ್ಯಾಸೆಟ್ಟಮ್ಮ ಅಲ್ಲಿಗೇ ಯಂತ್ರ ನಿಲ್ಲಿಸಿ, ಹೆಡ್‌ಫೋನ್ ಕಿತ್ತಿಟ್ಟು, ಗ್ರಂಥಪಾಲಕರ ಕೋಣೆಗೆ ಓಡಿದಳು. ನಾಟಕವಂತೆ, ಬರೀ ನಾಟಕ. ಇದನ್ನು ಇಬ್ಬರಿಗೂ ಕೇಳಿಸಿಬಿಟ್ಟರೆ ನಕ್ಕು ಮುಗಿದುಹೋಗುವ ವಿಷಯ ಎಂದು ಅವಳಿಗನ್ನಿಸಿತು.

ಗ್ರಂಥಪಾಲಕರಿಗೆ ಜಗತ್ತಿನಲ್ಲಿ ಒಂದೇ ಭಯ: ಖಾಲಿ ಬಿಟ್ಟ ಅಂಕಣ. "ಮಾತಾಡಿದವರು ಬದುಕಿದ್ರೆ ಇಬ್ರೂ ಪೂರ್ತಿ ಕೇಳಿ ಸಹಿ ಹಾಕ್ಬೇಕು ಕ್ಯಾಸೆಟ್ಟಮ್ಮ. ಮತ್ತೆ, ಅಭಿನಯವೋ ಸಹಜವೋ ಅನ್ನೋ ಅಂಕಣ ಇದೆಯಲ್ಲ, ಅದನ್ನ ಅವರನ್ನೇ ಕೇಳಿ ತುಂಬಿ. ಖಾಲಿ ಬಿಟ್ರೆ ಕಂಪ್ಯೂಟರ್ ಒಪ್ಪಲ್ಲ."

ಸಂಜೆ ಅವಳು ಫಾರಂ ಹಿಡಿದು ಅಮ್ಮನ ಮುಂದೆ ಕೂತಳು. ಅಮ್ಮ ವಿಷಯ ಕೇಳಿ ಕನ್ನಡಕ ಒರೆಸಿಕೊಂಡಳು. "ಬರ್ತೀನಿ. ಅವಳು ಏನಂದ್ಲು ಅಂತ ಲೋಕಕ್ಕೆಲ್ಲ ಗೊತ್ತಾಗ್ಲಿ. ಅಭಿನಯವೋ ಸಹಜವೋ ಅಂತಲ್ವಾ, ಬರ್ಕೋ. ನಂದು ನಾಟಕ, ಅವಳದ್ದು ನಿಜ."

ಹದಿನಾರು ಮೆಟ್ಟಿಲು ಹತ್ತಿ ಹೋದರೆ ದೊಡ್ಡಮ್ಮ ಫಾರಮನ್ನು ಕಣ್ಣಿಗೆ ತಾಗಿಸಿ ಓದಿದಳು. "ಬರ್ದೇ ಇರ್ತೀನಾ. ನಿಮ್ಮಮ್ಮ ಅಂದದ್ದು ನಾಲ್ಕು ಜನರ ಕಿವಿಗೆ ಬೀಳ್ಲಿ. ಬರ್ಕೋ ಪುಟ್ಟಿ. ನಂದು ನಾಟಕ, ನಿಮ್ಮಮ್ಮಂದು ನಿಜ."

ಗುರುವಾರ ಹೋಗುವುದೆಂದು ನಿಶ್ಚಯವಾಯಿತು. ಬುಧವಾರ ಮಧ್ಯಾಹ್ನ ಕ್ಯಾಸೆಟ್ಟಮ್ಮ ಟೇಪಿನ ಉಳಿದ ಭಾಗವನ್ನು ಕಂಪ್ಯೂಟರಿಗೆ ಇಳಿಸಲು ಕೂತಳು. ಜಗಳ ಮುಗಿದದ್ದು ಹನ್ನೆರಡನೇ ನಿಮಿಷಕ್ಕೆ. ಇನ್ನೂ ಒಂಬತ್ತು ನಿಮಿಷ ಇತ್ತು. ಪ್ರೊಫೆಸರರು ಖುಷಿಯಲ್ಲಿ ಯಂತ್ರ ನಿಲ್ಲಿಸುವುದನ್ನು ಮರೆತು ಹೊರಗೆ ಹೋಗಿ ಯಾರೊಡನೆಯೋ ಮಾತಿಗೆ ನಿಂತಿದ್ದರು. ಇಂಥ ಬಾಲ ಎಲ್ಲ ಕ್ಯಾಸೆಟ್ಟಿಗೂ ಇರುತ್ತದೆ. ಅದರಲ್ಲಿ ಏನೂ ಇಲ್ಲದಿದ್ದರೆ ಕೇಳುಗರ ಪ್ರತಿಯಿಂದ ಕತ್ತರಿಸಿ ಹಾಕುವುದು ಪದ್ಧತಿ. ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಕೇಳಿದಳು.

ಅಮ್ಮ ಅತ್ತು ಮೂಗು ಎಳೆದುಕೊಂಡದ್ದು ಕೇಳಿಸಿತು. ಹೆಜ್ಜೆ ಸದ್ದು ಹತ್ತಿರ ಬಂತು. "ಪುಟ್ಟೀ, ಬಾ ಇಲ್ಲಿ. ಮೇಲೆ ಹೋಗಿ ದೊಡ್ಡಮ್ಮಂಗೆ ಹೇಳು. ಏನೋ ಬಾಯಿ ತಪ್ಪಿ ಬಂತಂತೆ, ಅಮ್ಮಂದು ತಪ್ಪಾಯ್ತಂತೆ, ಹೊಟ್ಟೆಗೆ ಹಾಕ್ಕೋಬೇಕಂತೆ ಅಂತ ಹೇಳು. ಊಟಕ್ಕೆ ಬರ್ಬೇಕಂತೆ, ಅವರು ಬರೋವರೆಗೂ ಅಮ್ಮ ಉಣ್ಣಲ್ವಂತೆ ಅಂತ ಹೇಳು. ಎಲ್ಲಾ ಹೇಳ್ತೀಯಾ?" "ಹೂಂ." ಅಮ್ಮ ಒಳಗೆ ಹೋದಳು, ನಲ್ಲಿ ಬಿಟ್ಟುಕೊಂಡಳು, ಕೊಡಕ್ಕೆ ನೀರು ಸುರಿಯತೊಡಗಿತು. ಹೊರಗಿನಿಂದ ಹುಡುಗಿಯರ ಕೂಗು: "ಬಾರೇ, ನಿನ್ನ ಸರದಿ ಬಂತು, ಹಗ್ಗ ಹಿಡ್ಕೊಂಡು ನಿಂತಿದೀವಿ."

ಒಂಬತ್ತು ವರ್ಷದ ಪುಟ್ಟಿ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ಮೇಲಕ್ಕೆ ಮುಖ ಮಾಡಿ ಕೂಗಿದಳು. "ದೊಡ್ಡಮ್ಮಾ, ಊಟಕ್ಕೆ ಬರ್ಬೇಕಂತೆ."

ಮೇಲೆ ಬಾಗಿಲು ತೆರೆಯಿತು. ಅಷ್ಟು ದೂರದಿಂದಲೂ ದೊಡ್ಡಮ್ಮನ ದನಿ ಸ್ಪಷ್ಟ ಇತ್ತು. "ನಿಮ್ಮಮ್ಮ ಮತ್ತೇನಾದ್ರೂ ಹೇಳಿದ್ಲಾ?"

"ಏನಿಲ್ಲ." ಓಡಿದ ಪುಟ್ಟ ಪಾದಗಳ ಸದ್ದು, ಮುಂಬಾಗಿಲ ಕಿರುಗುಟ್ಟುವಿಕೆ.

ಕ್ಯಾಸೆಟ್ಟಮ್ಮ ಯಂತ್ರ ನಿಲ್ಲಿಸಲಿಲ್ಲ. ನಲ್ಲಿ ನಿಂತಿತು. ತಟ್ಟೆ ಇಟ್ಟ ಸದ್ದು ಬಂತು, ಒಂದು, ಎರಡು. ಆಮೇಲೆ ಐದು ನಿಮಿಷ ಏನೂ ಇಲ್ಲ, ಏನೂ ಇಲ್ಲ ಎಂದರೆ ಒಬ್ಬಳು ಹೆಂಗಸು ಕಾಯುತ್ತ ಕೂತಿರುವ ಸದ್ದು. ಕಡೆಗೆ ಒಂದು ತಟ್ಟೆಯನ್ನು ವಾಪಸು ತೆಗೆದಿಟ್ಟಂತಾಯಿತು. ಪ್ರೊಫೆಸರರು ಒಳಗೆ ಬಂದು "ಅಯ್ಯೋ, ಇನ್ನೂ ಓಡ್ತಾ ಇದೆ" ಎಂದು ಯಂತ್ರ ಆರಿಸಿದರು.

ಅಲ್ಲಿಗೆ ಮೂವತ್ತಾರು ವರ್ಷದ ಹಟಮಾರಿಗಳು ಯಾರೂ ಇರಲಿಲ್ಲ. ಒಬ್ಬಳು ಕ್ಷಮೆ ಕೇಳಿದ್ದಳು, ಉತ್ತರ ಬರಲಿಲ್ಲ ಎಂದು ನೊಂದಿದ್ದಳು. ಇನ್ನೊಬ್ಬಳು ಕ್ಷಮೆಯ ಮಾತಿಗೆ ಬಾಗಿಲು ತೆರೆದು ಕಾದಿದ್ದಳು, ಬರಲಿಲ್ಲ ಎಂದು ನೊಂದಿದ್ದಳು. ನಡುವೆ ಒಬ್ಬಳು ಹಗ್ಗ ಹಾರಲು ಹೋಗಿದ್ದಳು. ಮನೆ ನಿಂತಿರುವುದು ನನ್ನ ನಾಲಿಗೆಯ ಮೇಲೆ ಎಂದು ಬೀಗುತ್ತಿದ್ದವಳಿಗೆ, ಅದು ಬಿರುಕು ಬಿಟ್ಟಿದ್ದೂ ಅಲ್ಲಿಂದಲೇ ಎಂದು ಗೊತ್ತಾಗಿ ನಾಚಿಕೆಯಲ್ಲಿ ಕಿವಿ ಬಿಸಿಯಾಯಿತು.

ಕೈ ಮಾತ್ರ ತನ್ನ ಕೆಲಸ ಮರೆಯಲಿಲ್ಲ. ಕಂಪ್ಯೂಟರಿನಲ್ಲಿ ಹನ್ನೆರಡನೇ ನಿಮಿಷದ ಹತ್ತಿರ ಕತ್ತರಿಯ ಗುರುತು ತಂದು ನಿಲ್ಲಿಸಿತು. ಒಂದು ಸಲ ಒತ್ತಿದರೆ ಬಾಲ ಹೋಗುತ್ತದೆ. ನಾಟಕ ಅಂತ ಗೊತ್ತಾಗಿ ಅವರು ನಕ್ಕರೆ ಸರಿ, ಹಾವೂ ಸಾಯುತ್ತದೆ ಕೋಲೂ ಮುರಿಯುವುದಿಲ್ಲ. ಗ್ರಂಥಪಾಲಕರು ಆ ಕಡೆ ಹಾದುಹೋಗುತ್ತ, "ಬಾಲ ಕತ್ತರಿಸಿದ್ರಾ?" ಎಂದು ಕೇಳಿದರು. "ನಾಳೆ ನೋಡ್ತೀನಿ ಸರ್" ಎಂದಳು. ಆವತ್ತು ಮನೆಗೆ ಹೋಗಿ, ಮೇಲಿನ ಸಮಾಚಾರ ಕೆಳಗೂ ಕೆಳಗಿನದು ಮೇಲೂ ಹೇಳುವಾಗ, ಪ್ರತಿ ಮಾತಿಗೂ ಅವಳ ನಾಲಿಗೆ ತೊದಲಿತು.

ಗುರುವಾರ ಬಸ್ಸಿನಲ್ಲಿ ಅಮ್ಮ ಮುಂದಿನ ಸೀಟು, ದೊಡ್ಡಮ್ಮ ಹಿಂದಿನ ಸೀಟು. ಇಬ್ಬರೂ ಒಳ್ಳೆಯ ಸೀರೆ ಉಟ್ಟು, ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವರಂತೆ ಬೆನ್ನು ನೇರ ಮಾಡಿ ಕೂತಿದ್ದರು. ಕೇಳುವ ಕೋಣೆ ಗಾಜಿನ ಪೆಟ್ಟಿಗೆಯಷ್ಟು ಸಣ್ಣದು; ಒಂದು ಮೇಜು, ಮೂರು ಕುರ್ಚಿ, ಎರಡು ಹೆಡ್‌ಫೋನ್. ದೊಡ್ಡಮ್ಮನದಕ್ಕೆ ದನಿ ಪೂರ್ತಿ ಏರಿಸಿದ್ದಾಯಿತು. ಕ್ಯಾಸೆಟ್ಟಮ್ಮ ಗುಂಡಿ ಒತ್ತಿದಳು.

ನಗು ಬಂದಾಗ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು. ಅಮ್ಮನ ತುಟಿ ಒಮ್ಮೆ ಅದುರಿತು. ನಾಲ್ಕನೇ ನಿಮಿಷ ದಾಟಿತು, ವ್ಯಾಜ್ಯ ಶುರುವಾಯಿತು. ಕಿವಿಯಲ್ಲಿ ಹೆಡ್‌ಫೋನ್ ಇದ್ದದ್ದರಿಂದ ಇಬ್ಬರೂ ಕಿರುಚಿಯೇ ಮಾತಾಡುತ್ತಿದ್ದರು, ಅದೂ ಪುಟ್ಟಿಯ ಮೂಲಕವೇ.

"ಪುಟ್ಟಿ, ನಿಮ್ಮ ದೊಡ್ಡಮ್ಮನ್ನ ಕೇಳು, ಈ ಪಾತ್ರೆ ಮಾತು ನಾಟಕಾನಾ? ಇದು ನಾಟಕ ಆಡೋ ದನಿಯಾ?"

"ಪುಟ್ಟಿ, ನಿಮ್ಮಮ್ಮಂಗೆ ಹೇಳು, ನಾನು ಏಳೋ ಹೊತ್ತಿನ ಸುದ್ದಿ ಎತ್ತಿದ್ದು ಯಾರು ಅಂತ ಯಂತ್ರಾನೇ ಹೇಳ್ತಿದೆ."

ಎರಡು ಅಡಿ ದೂರದಲ್ಲಿ ಕೂತವರ ನಡುವೆ ಅವಳು ಅಂಚೆ ಹಂಚಿದಳು. ಗ್ರಂಥಪಾಲಕರು ಓಡಿಬಂದು ಗಾಜು ತಟ್ಟಿ, ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ದೊಡ್ಡಮ್ಮ ಅವರಿಗೂ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಹತ್ತನೇ ನಿಮಿಷ ಬಂದಾಗ ಮಾತ್ರ ಇಬ್ಬರೂ ಸುಮ್ಮನಾದರು. ಮಡಿಲಿನ ಮಾತು ಬಂತು, ಹೆತ್ತವಳ ಮಾತು ಬಂತು, ಬಾಗಿಲು ಬಡಿಯಿತು. ಯಾರೂ ನಗಲಿಲ್ಲ. ನಕ್ಕು ಮುಗಿದುಹೋಗುತ್ತದೆ ಎಂದುಕೊಂಡಿದ್ದ ತನ್ನ ಬುದ್ಧಿಗೆ ಕ್ಯಾಸೆಟ್ಟಮ್ಮ ಮನಸ್ಸಿನಲ್ಲೇ ಛೀಮಾರಿ ಹಾಕಿಕೊಂಡು, ಯಂತ್ರವನ್ನು ನಿಲ್ಲಿಸಿದಳು. ಬಾಲವನ್ನು ಅವಳು ಕತ್ತರಿಸಿರಲಿಲ್ಲ, ಕೇಳಿಸುವ ಧೈರ್ಯವೂ ಇರಲಿಲ್ಲ.

ಅಮ್ಮ ಹೆಡ್‌ಫೋನ್ ಜರುಗಿಸಿದಳು. "ಮುಗೀತಾ?"

ಮುಗಿಯಿತು ಎಂದರೆ ಮುಗಿಯುತ್ತಿತ್ತು. ದೊಡ್ಡಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದಳು. "ಎಷ್ಟು ಚೆನ್ನಾಗಿ ಕೇಳಿಸ್ತಿದೆ ಪುಟ್ಟಿ ಇದ್ರಲ್ಲಿ" ಎಂದಳು. "ಇನ್ನೊಂದು ವರ್ಷ ಹೋದ್ರೆ ಇದೂ ಇಲ್ಲ. ಬೈದಿದ್ದನ್ನೇ ಕೊನೇಗೆ ಕೇಳಿಸ್ಕೊಂಡು ಹೋಗೋ ಹಾಗಾಯ್ತು ನೋಡು."

"ಇನ್ನೂ ಒಂಬತ್ತು ನಿಮಿಷ ಇದೆ" ಎಂದಳು ಕ್ಯಾಸೆಟ್ಟಮ್ಮ. ಗುಂಡಿ ಒತ್ತಿ, ತಲೆ ತಗ್ಗಿಸಿ ಕೂತಳು.

ಅವಳಿಗೆ ಹೆಡ್‌ಫೋನ್ ಇರಲಿಲ್ಲ. ಆದರೆ ದೊಡ್ಡಮ್ಮನ ಕಿವಿಯಿಂದ ಹೊರಚೆಲ್ಲುವ ಸದ್ದಿನಲ್ಲಿ ಎಲ್ಲವೂ ಸಣ್ಣಗೆ ಕೇಳುತ್ತಿತ್ತು. ಅಮ್ಮನ ಮಾತು, ನಲ್ಲಿ, ಹುಡುಗಿಯರ ಕೂಗು, 'ಏನಿಲ್ಲ.' ಆಮೇಲೆ ತಟ್ಟೆಗಳು. ಅವಳು ಮುಖವೆತ್ತಿ ನೋಡಿದಾಗ ಅಮ್ಮ ಅಳುತ್ತಿದ್ದಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ಆ ಐದು ನಿಮಿಷದ ಮೌನವನ್ನು ಒಂದು ಹನಿಯೂ ಚೆಲ್ಲದಂತೆ ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕಾ" ಎಂದಳು ಅಮ್ಮ.

ಮೂವತ್ತಾರು ವರ್ಷದ ಮೇಲೆ ಬಂದ ಮೊದಲ ಮಾತು ದೊಡ್ಡಮ್ಮನಿಗೆ ಕೇಳಿಸಲಿಲ್ಲ. ಪುಟ್ಟಿ ಅಭ್ಯಾಸಬಲದಿಂದ ಬಾಯಿ ತೆರೆದಳು; ಅಮ್ಮ ಅವಳನ್ನು ಕೈಯಿಂದ ತಡೆದು, ತಾನೇ ಎದ್ದು ಹೋಗಿ, ಓರಗಿತ್ತಿಯ ಒಂದು ಕಿವಿಯಿಂದ ಹೆಡ್‌ಫೋನ್ ಎತ್ತಿ, ಬಗ್ಗಿ ಹೇಳಿದಳು. "ಅಕ್ಕಾ, ನಾನು ಹೇಳಿ ಕಳ್ಸಿದ್ದೆ."

"ನಾನೂ ಕೇಳಿದ್ದೆ ಕಣೆ" ಎಂದಳು ದೊಡ್ಡಮ್ಮ. "ಮತ್ತೇನಾದ್ರೂ ಹೇಳಿದ್ಲಾ ಅಂತ ಕೇಳಿದ್ದೆ."

ಇಬ್ಬರೂ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ಪುಟ್ಟಿಯನ್ನು ನೋಡಿದರು. ಅಷ್ಟು ಒಗ್ಗಟ್ಟನ್ನು ಅವಳು ಆ ಮನೆಯಲ್ಲಿ ಎಂದೂ ಕಂಡಿರಲಿಲ್ಲ.

"ತಪ್ಪಾಯ್ತು" ಎಂದಳು. ನಲವತ್ತೈದು ವರ್ಷದವಳು ಒಂಬತ್ತರವಳ ಹಾಗೆ ಬಿಕ್ಕಿದಳು. "ಅವರು ಹಗ್ಗ ಹಿಡ್ಕೊಂಡು ನಿಂತಿದ್ರು."

"ಅಳೋದು ಆಮೇಲೆ" ಎಂದಳು ದೊಡ್ಡಮ್ಮ. "ಮೊದ್ಲು ಇದು ಹೇಳು. ನನ್ನ ಆಪರೇಷನ್ ಆದಾಗ ನಿಮ್ಮಮ್ಮ 'ಹುಷಾರಾಗಿರಿ' ಅಂತ ಹೇಳಿ ಕಳ್ಸಿದ್ಲಲ್ಲ, ಅದು ಅವಳು ಹೇಳಿದ್ದಾ, ನೀನು ಹೇಳಿದ್ದಾ?"

"ಹುಷಾರಾಗಿರಿ ಅಂತಷ್ಟೇನಾ?" ಅಮ್ಮ ಸೆರಗಿನಲ್ಲಿ ಕಣ್ಣೊರೆಸುವುದನ್ನು ನಿಲ್ಲಿಸಿದಳು. "ನಾನೇ ಬಂದು ರಾತ್ರಿ ಆಸ್ಪತ್ರೇಲಿ ಇರ್ಲಾ ಅಂತ ಕೇಳ್ಕೊಂಡು ಬಾ ಅಂದಿದ್ದೆ. ಬೇಡ ಅಂದ್ರು ಅಂದ್ಲು ಇವಳು."

"ನೀವಿಬ್ರೂ ಆಸ್ಪತ್ರೇಲಿ ಜಗಳ ಆಡ್ತೀರಿ ಅಂತ ನಾನು—"

"ನಿನ್ನನ್ನ ಯಾರು ಕೇಳಿದ್ರು" ಎಂದರು ಇಬ್ಬರೂ, ಒಂದೇ ಉಸಿರಿಗೆ.

ಗ್ರಂಥಪಾಲಕರು ಮತ್ತೆ ಗಾಜು ತಟ್ಟಿದರು. ಈ ಸಲ ಅವರ ಕೈಯಲ್ಲಿ ಫಾರಂ ಇತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಸಹಿ ಹಾಕಿದರು. ಅಭಿನಯವೋ ಸಹಜವೋ ಎಂಬ ಅಂಕಣದ ಮುಂದೆ ಸ್ವಲ್ಪ ಚರ್ಚೆ ನಡೆದು, 'ನಾಲ್ಕು ನಿಮಿಷದವರೆಗೆ ನಾಟಕ, ಆಮೇಲೆ ಇಬ್ಬರದೂ ನಿಜ' ಎಂದು ಒಪ್ಪಂದವಾಯಿತು. "ಕೊನೇ ಒಂಬತ್ತು ನಿಮಿಷ ಹಾಕ್ಬೇಡಿ ಸರ್, ಅದು ನಮ್ಮ ಮನೇದು" ಎಂದಳು ಅಮ್ಮ. ಗ್ರಂಥಪಾಲಕರು ಕ್ಯಾಸೆಟ್ಟಮ್ಮನ ಊದಿದ ಕಣ್ಣು ನೋಡಿ, ಏನೂ ಕೇಳದೆ ತಲೆಯಾಡಿಸಿದರು.

ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕ್ಯಾಸೆಟ್ಟಮ್ಮ ಹಿಂದಿನ ಸೀಟಿನಲ್ಲಿ. ಅಮ್ಮ ಬಸ್ಸಿಗೆಲ್ಲ ಕೇಳುವಂತೆ ಕೂಗಿ ಮಾತಾಡಬೇಕಾಗಿತ್ತು, ಹಾಗಾಗಿ ಮೂವತ್ತಾರು ವರ್ಷದ ಅಂಚೆಯ ತನಿಖೆ ಇಡೀ ಬಸ್ಸಿನ ಎದುರಿಗೇ ನಡೆಯಿತು. "ಅಡುಗೆ ಚೆನ್ನಾಗಿತ್ತಂತೆ ಅಂತಿದ್ಲಲ್ಲ ದಿನಾ, ನೀವು ಯಾವತ್ತಾದ್ರೂ ಹಾಗಂದಿದ್ರಾ ಅಕ್ಕಾ?" "ಯಾವತ್ತೂ ಇಲ್ಲ. ಉಪ್ಪು ಜಾಸ್ತಿ ಅಂತಿದ್ದೆ." "ಹಾಗಂತ ಹೇಳಿದ್ರೆ ಕಮ್ಮಿ ಹಾಕ್ತಿದ್ದೆನಲ್ಲ. ಹೊಗಳ್ತಿದೀರಿ ಅಂತ ಒಂದು ಚಿಟಿಕೆ ಹೆಚ್ಚೇ ಹಾಕ್ತಿದ್ದೆ." ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ಬಿಟ್ಟು, ಹಿಂದೆ ಕೂತ ಅಪರಾಧಿಯನ್ನು ತಿರುಗಿ ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಮಾನವಾಗಿತ್ತು, ಮತ್ತು ನೆನಪಿರುವಷ್ಟು ದಿನದಲ್ಲಿ ಇಷ್ಟು ಸಂತೋಷ ಆಗಿರಲಿಲ್ಲ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಎಂದು ಅವಳಿಗೆ ಆಶ್ಚರ್ಯವಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ, ಮೆಟ್ಟಿಲ ಬುಡದಿಂದ ಅಮ್ಮ ಕರೆಯುವುದು ಕೇಳಿಸಿತು, ಮನೆಯೇ ಅದುರುವಷ್ಟು ದೊಡ್ಡದಾಗಿ. ಅವಳು ಬಾಚಣಿಗೆ ಕೂದಲಲ್ಲೇ ಸಿಕ್ಕಿಸಿಕೊಂಡು ಓಡಿಬಂದಳು.

"ಏನಮ್ಮ? ಏನು ಹೇಳ್ಬೇಕು?"

ಮೇಲೆ ಬಾಗಿಲು ತೆರೆಯಿತು. ದೊಡ್ಡಮ್ಮ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಕೆಳಗೆ ಅಮ್ಮ ಎರಡು ತಟ್ಟೆ ಹಿಡಿದು ನಿಂತಿದ್ದಳು. ಅವಳು ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ನಿನ್ನನ್ನ ಕರೀಲಿಲ್ಲ" ಎಂದಳು.